ಕಡತಗಳು ಕಡವು ದಾಟಿದ ಕಥೆ

ಕಡತ ಎಂಬ ಮಾತು ನಮಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಸರಕಾರಿ ಕಚೇರಿಯ ಜೊತೆಗೂ ಬಂದದ್ದಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಹಿಂದಿನವರು ಕಡತವೆಂದು ಹೆಸರಿಟ್ಟಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆಲ್ಲ ಪರಿಚಿತ. ಅಂಥ ಕಡತವನ್ನು ಓದಲು ಬೆಳಕು ಬೇಕು, ಕಣ್ಣು ಬೇಕು, ಆ ಕಾಲದ ಬರೆಹದ ಅಭ್ಯಾಸ ಬೇಕು. ಬೇರೆ ಉಪಕರಣ ಬೇಡ.

ಕಡವು ಎಂಬ ಮಾತಾದರೋ ಈ ಪುಸ್ತಕದ ಎರಡು ಭಾಷೆಗಳಿಗೂ ಸಮಾನವಾದದ್ದು. ಸೇತುವೆಗಳು ಬರುವ ಮೊದಲು ನಮ್ಮ ಹೊಳೆಗಳನ್ನು ದಾಟಲು ಇದ್ದದ್ದು ಕಡವಿನ ದೋಣಿಯೇ. ಈ ಕಡೆಯ ಹೊರೆ ಆ ಕಡೆ ಸೇರಬೇಕಾದರೆ ದೋಣಿ ಇರಬೇಕು, ಅಂಬಿಗ ಇರಬೇಕು, ಇಳಿಸಿಕೊಳ್ಳುವವರು ಆಚೆ ದಡದಲ್ಲಿ ಕಾದಿರಬೇಕು. ಹಳೆಯ ಕಂಪ್ಯೂಟರಿನಲ್ಲಿರುವ ಬರೆಹವನ್ನು ಹೊಸದಕ್ಕೆ ತರುವ ಕೆಲಸವೂ ಇದೇ ಜಾತಿಯದು. ಕಳೆದ ಐವತ್ತು ವರ್ಷಗಳಲ್ಲಿ ಜನರು ಈ ಕಡವನ್ನು ಹೇಗೆ ದಾಟಿದರು, ಎಲ್ಲಿ ದೋಣಿ ಮಗುಚಿತು, ನಮ್ಮ ಕನ್ನಡದ ಹೊರೆ ಯಾವ ದಡದಲ್ಲಿ ಉಳಿದಿದೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಇಂಜಿನಿಯರ್ ಅಲ್ಲ, ಬಿ.ಎ. ಓದಿ ಬ್ಯಾಂಕಿನ ಗುಮಾಸ್ತೆಯಾದವನು. ಆದರೆ ಕೂಡಿಸಿ ತಾಳೆ ನೋಡುವುದು ನನ್ನ ಉದ್ಯೋಗ. ಈ ಕಥೆಯಲ್ಲಿ ಅದೇ ವಿದ್ಯೆ ಮುಖ್ಯವಾದದ್ದೆಂದು ಆಮೇಲೆ ತಿಳಿಯಿತು.

ಮೊದಲು ಅಮೆರಿಕದ ಶಿಕಾಗೋ ನಗರಕ್ಕೆ ಹೋಗೋಣ. 1977ರಲ್ಲಿ ಅಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಎಂಬಾತ ಇದ್ದ. ಹಗಲು ಐಬಿಎಂ ಕಂಪೆನಿಯಲ್ಲಿ ನೌಕರಿ. ಬಿಡುವಿನಲ್ಲಿ ಮನೆಯ ಪುಟ್ಟ ಕಂಪ್ಯೂಟರಿನ ಹುಚ್ಚು. ಆ ಕಾಲದ ಮನೆ ಕಂಪ್ಯೂಟರುಗಳು ಒಂದರ ಫ್ಲಾಪಿಯನ್ನು ಇನ್ನೊಂದು ಮೂಸಿಯೂ ನೋಡುತ್ತಿರಲಿಲ್ಲ. ಒಬ್ಬನದು ಎಂಟು ಇಂಚು, ಇನ್ನೊಬ್ಬನದು ಐದೂಕಾಲು ಇಂಚು. ಅಳತೆ ಒಂದೇ ಆದರೂ ಅದರ ಮೇಲೆ ಗೆರೆ ಹಾಕಿದ ಕ್ರಮ ಬೇರೆ. ಆಪಲ್ ಕಂಪೆನಿಗೆ ಸ್ಟೀವ್ ವೋಜ್ನಿಯಾಕ್ 1978ರಲ್ಲಿ ರೂಪಿಸಿದ ಡಿಸ್ಕ್ ವ್ಯವಸ್ಥೆಯಂತೂ ಎಷ್ಟು ಜಾಣತನದ್ದೋ ಅಷ್ಟೇ ಒಂಟಿ: ಐಬಿಎಂ ಮಾದರಿಯ ಯಂತ್ರ ಅದನ್ನು ಓದಲಾರದು. ಆದರೆ ಹೆಚ್ಚಿನ ಯಂತ್ರಗಳಿಗೆ ಒಂದು ಕಿಂಡಿ ಸಮಾನವಾಗಿತ್ತು. 1960ರಲ್ಲಿ ನಿಗದಿಯಾದ ಆರ್‌ಎಸ್-232 ಎಂಬ ಸೀರಿಯಲ್ ಕಿಂಡಿ ಅದು. ಮೂರೇ ತಂತಿ ಇದ್ದರೂ ನಡೆಯುತ್ತದೆ: ಒಂದು ಹೇಳಲಿಕ್ಕೆ, ಒಂದು ಕೇಳಲಿಕ್ಕೆ, ಒಂದು ನೆಲದ ತಂತಿ. ಎರಡು ಯಂತ್ರಗಳನ್ನು ನೇರ ಜೋಡಿಸುವಾಗ ಹೇಳುವ ತಂತಿಯನ್ನೂ ಕೇಳುವ ತಂತಿಯನ್ನೂ ಅಡ್ಡ ಹಾಯಿಸಬೇಕು. ಇಲ್ಲದಿದ್ದರೆ ಇಬ್ಬರ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದಂತಾಗುತ್ತದೆ.

ತಂತಿ ಹಾಕಿದ ಮಾತ್ರಕ್ಕೆ ಕಡತ ದಾಟುವುದಿಲ್ಲ. ದೂರವಾಣಿಯ ಗೊರಗೊರ ಸದ್ದಿನಲ್ಲಿ ಒಂದು ಅಕ್ಷರ ಕೆಟ್ಟರೂ ಪ್ರೋಗ್ರಾಮು ಕೆಲಸಕ್ಕೆ ಬಾರದು. ಕ್ರಿಸ್ಟೆನ್ಸನ್ ಇದಕ್ಕೆ ಕಂಡ ಉಪಾಯವನ್ನು ಮುಂದೆ ಎಕ್ಸ್‌ಮೋಡೆಮ್ ಎಂದು ಕರೆದರು. ಕಡತವನ್ನು 128 ಬೈಟುಗಳ ಕಟ್ಟುಗಳಾಗಿ ಮಾಡುವುದು. ಪ್ರತಿ ಕಟ್ಟಿನ ತಲೆಗೆ ಮೂರು ಬೈಟು: ಇಲ್ಲಿಂದ ಆರಂಭ ಎಂಬ ಸಂಕೇತ, ಕಟ್ಟಿನ ಸಂಖ್ಯೆ, ಆ ಸಂಖ್ಯೆಯನ್ನು 255ರಿಂದ ಕಳೆದಾಗ ಉಳಿಯುವ ಸಂಖ್ಯೆ. ಕಾಲಿಗೆ ಒಂದು ಬೈಟು: ಒಳಗಿನ 128 ಬೈಟುಗಳನ್ನೂ ಕೂಡಿಸಿ 256ರಿಂದ ಭಾಗಿಸಿದಾಗ ಉಳಿದ ಶೇಷ. ಅಲ್ಲಿಗೆ ಕಟ್ಟು 132 ಬೈಟಾಯಿತು. ಆಚೆ ದಡದ ಯಂತ್ರ ತಾನೂ ಕೂಡಿಸುತ್ತದೆ. ಶೇಷ ತಾಳೆಯಾದರೆ 6 ಎಂಬ ಸಂಕೇತ ಕಳುಹಿಸುತ್ತದೆ, 'ಸಿಕ್ಕಿತು, ಮುಂದಿನದು ಕಳಿಸು' ಎಂದು ಅರ್ಥ. ತಾಳೆಯಾಗದಿದ್ದರೆ 21; 'ಇದನ್ನೇ ಇನ್ನೊಮ್ಮೆ ಕಳಿಸು'. ಎಲ್ಲ ಮುಗಿದ ಮೇಲೆ 4.

ಬ್ಯಾಂಕಿನ ಕ್ಯಾಶಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಟಿನ ಕಟ್ಟಿಗೆ ಚೀಟಿ ಅಂಟಿಸಿ ಮೊತ್ತ ಬರೆಯುವುದು, ತೆಗೆದುಕೊಂಡವನು ಮತ್ತೆ ಎಣಿಸುವುದು, ತಾಳೆಯಾಗದಿದ್ದರೆ ಹಿಂದೆ ತಳ್ಳುವುದು, ಇಷ್ಟೇ ತಾನೆ? ಇದರ ದೌರ್ಬಲ್ಯವೂ ನಮ್ಮ ಲೆಕ್ಕದ ದೌರ್ಬಲ್ಯವೇ. ಎರಡು ಬೈಟುಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತರೆ ಮೊತ್ತ ಬದಲಾಗುವುದಿಲ್ಲ. ರಾಮಣ್ಣನ ಖಾತೆಗೆ ಹಾಕಬೇಕಾದದ್ದನ್ನು ಕೃಷ್ಣಣ್ಣನ ಖಾತೆಗೂ, ಕೃಷ್ಣಣ್ಣನದನ್ನು ರಾಮಣ್ಣನ ಖಾತೆಗೂ ಹಾಕಿದರೆ ಸಂಜೆಯ ತಾಳೆಪಟ್ಟಿ ಸರಿಯಾಗಿಯೇ ಕೂಡುತ್ತದೆಯಲ್ಲ! ಆದ್ದರಿಂದ ಮುಂದಿನವರು ಬರಿಯ ಕೂಡಿಕೆಯನ್ನು ಬಿಟ್ಟು, ಸ್ಥಾನವನ್ನೂ ಲೆಕ್ಕಕ್ಕೆ ಹಿಡಿಯುವ ಸಿಆರ್‌ಸಿ ಎಂಬ ಭಾಗಾಕಾರದ ಕ್ರಮವನ್ನು ಸೇರಿಸಿದರು. ಇನ್ನೊಂದು ಕುಂದೂ ಇತ್ತು. 128ಕ್ಕೆ ಸರಿಯಾಗಿ ಭಾಗವಾಗದ ಕಡತದ ಕೊನೆಯ ಕಟ್ಟನ್ನು ಬೇಡದ ಸಂಕೇತಗಳಿಂದ ತುಂಬಿಸಬೇಕಾಗುತ್ತಿತ್ತು. ಹಾಗಾಗಿ ದಾಟಿದ ಕಡತ ಮೂಲಕ್ಕಿಂತ ತುಸು ದಪ್ಪವಾಗುತ್ತಿತ್ತು. ಕಡತದ ಹೆಸರು ಸಹ ದಾಟುತ್ತಿರಲಿಲ್ಲ; ಈಚೆಯವನೇ ಹೆಸರಿಡಬೇಕು.

ವೇಗದ ಮಾತು ಹೇಳುವುದಾದರೆ, ಆಗಿನ ಮೋಡೆಮ್ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಅಕ್ಷರ ಸಾಗಿಸುತ್ತಿತ್ತು. 360 ಕಿಲೋಬೈಟಿನ ಒಂದು ಫ್ಲಾಪಿಯನ್ನು ದಾಟಿಸಲು, ತಪ್ಪೇ ಆಗದಿದ್ದರೂ, ಮೂರು ಗಂಟೆ ಇಪ್ಪತ್ತೈದು ನಿಮಿಷ. ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಫ್ಲಾಪಿ ಕೊಟ್ಟು ಬರಬಹುದು. ಆದರೂ ಜನ ಕಾದರು. ಕ್ರಿಸ್ಟೆನ್ಸನ್ ಮತ್ತು ಅವನ ಗೆಳೆಯ ರ‍್ಯಾಂಡಿ ಸ್ಯೂಸ್, 1978ರ ಹಿಮಪಾತದಲ್ಲಿ ಮನೆಯಿಂದ ಹೊರಡಲಾಗದೆ ಇದ್ದಾಗ ಯೋಚಿಸಿ, ಫೆಬ್ರವರಿ 16ರಂದು ಜಗತ್ತಿನ ಮೊದಲ ಸಾರ್ವಜನಿಕ ಗಣಕ ಸೂಚನಾಫಲಕವನ್ನು ತೆರೆದರು. ಯಾರು ಬೇಕಾದರೂ ಫೋನು ಮಾಡಿ ಅದರಲ್ಲಿ ಬರೆಯಬಹುದಿತ್ತು, ಇನ್ನೊಬ್ಬರು ಬರೆದದ್ದನ್ನು ಓದಬಹುದಿತ್ತು. ಎಕ್ಸ್‌ಮೋಡೆಮಿಗೆ ಕ್ರಿಸ್ಟೆನ್ಸನ್ ಬಿಡಿಕಾಸು ಕೇಳಲಿಲ್ಲ. 2024ರ ಅಕ್ಟೋಬರದಲ್ಲಿ ಅವನು ತೀರಿಕೊಂಡ. ಇಂದಿಗೂ ಹಳೆಯ ಯಂತ್ರವನ್ನು ಅಟ್ಟದಿಂದ ಇಳಿಸಿದವರು ಮೊದಲು ನೆನೆಯುವುದು ಅವನ ಆ 132 ಬೈಟಿನ ಕಟ್ಟನ್ನು.

ಎರಡನೆಯ ಅಂಬಿಗರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು. ಅಲ್ಲಿ ದೊಡ್ಡ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಜಾಗ ಅತ್ಯಲ್ಪ. ತಮ್ಮ ಕಡತವನ್ನು ಫ್ಲಾಪಿಯಲ್ಲಿ ಮನೆಗೊಯ್ಯುವಂತಾದರೆ ಸಮಸ್ಯೆ ಬಗೆಹರಿದಂತೆ. ಆದರೆ ಅಲ್ಲಿದ್ದ ಎರಡು ಬಗೆಯ ದೊಡ್ಡ ಯಂತ್ರಗಳಲ್ಲಿ ಒಂದು ಐಬಿಎಂನದು. ಅದರ ಅಕ್ಷರಮಾಲೆಯೇ ಬೇರೆ. ಉಳಿದ ಲೋಕಕ್ಕೆ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ 65 ಆದರೆ ಐಬಿಎಂನ ಆ ಮಾಲೆಯಲ್ಲಿ 193. ಅಷ್ಟೇ ಅಲ್ಲ, 'ಐ' 201 ಆದರೆ ಮುಂದಿನ 'ಜೆ' 209. ನಡುವೆ ಹಲ್ಲು ಬಿದ್ದ ಹಾಗೆ ಖಾಲಿ. ಇದರ ಮೇಲೆ, ಅದೃಶ್ಯ ಸಂಕೇತಗಳನ್ನು ಕಳಿಸಿದರೆ ನಡುವಿನ ಯಂತ್ರಗಳು ಅವನ್ನು ತಮಗೆ ಬಂದ ಆಜ್ಞೆಯೆಂದು ತಿಳಿದು ನುಂಗಿಬಿಡುತ್ತಿದ್ದವು. 1981ರಲ್ಲಿ ಫ್ರ್ಯಾಂಕ್ ಡ ಕ್ರೂಸ್ ಮತ್ತು ಬಿಲ್ ಕ್ಯಾಚಿಂಗ್ಸ್ ಇದಕ್ಕೊಂದು ದಾರಿ ಕಂಡರು: ಅದೃಶ್ಯ ಸಂಕೇತ ಯಾವುದೇ ಬರಲಿ, ಅದಕ್ಕೆ ಕಣ್ಣಿಗೆ ಕಾಣುವ ಅಕ್ಷರದ ವೇಷ ಹಾಕಿ, ಇದು ವೇಷ ಎಂದು ತಿಳಿಯಲು ಹಿಂದೆ ಒಂದು ಗುರುತು ಇಟ್ಟು ಕಳಿಸುವುದು. ಆಚೆ ದಡದಲ್ಲಿ ಚೌಕಿಗೆ ಬಂದು ಬಣ್ಣ ತೊಳೆದುಕೊಂಡರಾಯಿತು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ಗೊಂಬೆಯಾಟದ ಕಪ್ಪೆಯ ಹೆಸರನ್ನೇ ಇದಕ್ಕಿಟ್ಟರು, ಕರ್ಮಿಟ್ ಎಂದು. ನೂರಾರು ಬಗೆಯ ಯಂತ್ರಗಳಿಗೆ ಕರ್ಮಿಟನ್ನು ಯಾರು ಯಾರೋ ಬರೆದು ಕೊಟ್ಟರು. 2011ರ ಜುಲೈಯಲ್ಲಿ ವಿಶ್ವವಿದ್ಯಾಲಯ ಈ ಯೋಜನೆಯನ್ನು ನಿಲ್ಲಿಸಿತು. ಪ್ರೋಗ್ರಾಮನ್ನು ಮಾತ್ರ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ಇವೆಲ್ಲ ಬಡವರ ದೋಣಿಗಳು. ಇನ್ನು ಶ್ರೀಮಂತರ ಹಡಗು ಮುಳುಗುವುದರಲ್ಲಿದ್ದ ಕಥೆ.

ಇಂಗ್ಲೆಂಡಿನ ವಿಲಿಯಂ ರಾಜನು ತನ್ನ ರಾಜ್ಯದ ಭೂಮಿ, ನೇಗಿಲು, ಎತ್ತು, ಗಿರಣಿಗಳನ್ನು ಲೆಕ್ಕ ಹಾಕಿಸಿದ್ದು 1086ರಲ್ಲಿ. ಕುರಿಯ ಚರ್ಮದ ಹಾಳೆಗಳ ಮೇಲೆ ಲ್ಯಾಟಿನಿನಲ್ಲಿ ಬರೆದ ಆ ಡೂಮ್ಸ್‌ಡೇ ಪುಸ್ತಕ ಇಂದಿಗೂ ಲಂಡನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಓದಲೂ ಬರುತ್ತದೆ. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿಯವರು ಹೊಸ ಡೂಮ್ಸ್‌ಡೇಯನ್ನು ಮಾಡಿದರು. ದೇಶವನ್ನು ನಾಲ್ಕು ಕಿಲೋಮೀಟರ್ ಉದ್ದ ಮೂರು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದ ಶಾಲೆಯ ಮಕ್ಕಳಿಂದ ಅವರ ಊರಿನ ಬಗ್ಗೆ ಬರೆಸಿದರು. ಊರಿನ ಅಂಗಡಿಯಲ್ಲಿ ಬ್ರೆಡ್ಡಿನ ಬೆಲೆ ಎಷ್ಟು, ಸಂಜೆ ಏನು ಆಡುತ್ತೇವೆ, ಅಪ್ಪ ಎಲ್ಲಿ ಕೆಲಸಕ್ಕೆ ಹೋಗುತ್ತಾರೆ ಎಂಬಂಥ ಸಂಗತಿಗಳು. ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನ ಇದರಲ್ಲಿ ಪಾಲ್ಗೊಂಡರು. ಚಿತ್ರ, ನಕ್ಷೆ, ಅಂಕಿ-ಅಂಶ ಎಲ್ಲ ಸೇರಿ ಎರಡು ದೊಡ್ಡ ಲೇಸರ್ ತಟ್ಟೆಗಳಾದವು. ಅವನ್ನು ನೋಡಲು ಏಕಾರ್ನ್ ಕಂಪೆನಿಯ ಬಿಬಿಸಿ ಮಾಸ್ಟರ್ ಕಂಪ್ಯೂಟರೂ, ಫಿಲಿಪ್ಸ್ ಕಂಪೆನಿ ಇದಕ್ಕೆಂದೇ ಮಾಡಿದ ತಟ್ಟೆಯಂತ್ರವೂ ಬೇಕು. ಎಲ್ಲ ಸೇರಿ ಸುಮಾರು ಐದು ಸಾವಿರ ಪೌಂಡು. ಬರೆದ ಮಕ್ಕಳ ಶಾಲೆಗಳಿಗೇ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ತಟ್ಟೆ ಗಟ್ಟಿಮುಟ್ಟಾಗಿತ್ತು, ಆದರೆ ಹದಿನೈದು ವರ್ಷ ಕಳೆಯುವುದರೊಳಗೆ ಕೆಲಸ ಮಾಡುವ ಯಂತ್ರಗಳು ಬೆರಳೆಣಿಕೆಗೆ ಇಳಿದವು. 900 ವರ್ಷದ ಚರ್ಮ ಮಾತಾಡುತ್ತಿತ್ತು, 15 ವರ್ಷದ ತಟ್ಟೆ ಮೂಕವಾಗಿತ್ತು.

ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಕ್ಯಾಮಿಲಿಯನ್ ಎಂಬ ಯೋಜನೆಯವರು 2002ರಲ್ಲಿ ಇದಕ್ಕೆ ಜೀವ ಕೊಟ್ಟು ತೋರಿಸಿದರು. ಅವರ ಕ್ರಮ ಗಮನಿಸಬೇಕಾದದ್ದು. ಮೊದಲು, ಸತ್ತೇ ಹೋಗುವ ಮೊದಲು ಹಳೆಯ ಯಂತ್ರವೊಂದನ್ನು ಹೇಗೋ ನಡೆಯುವಂತೆ ಮಾಡಿ, ತಟ್ಟೆಯಲ್ಲಿದ್ದುದನ್ನು ಹಾಗೆಯೇ ಹೊಸ ಕಂಪ್ಯೂಟರಿಗೆ ಇಳಿಸಿಕೊಂಡರು. ಆಮೇಲೆ ಹೊಸ ಕಂಪ್ಯೂಟರಿನೊಳಗೆ ಹಳೆಯ ಯಂತ್ರದಂತೆಯೇ ನಟಿಸುವ ಪ್ರೋಗ್ರಾಮೊಂದನ್ನು ಕೂರಿಸಿದರು. ತಟ್ಟೆಯ ಬರೆಹಕ್ಕೆ ತಾನು 1986ರ ಯಂತ್ರದಲ್ಲಿಯೇ ಇದ್ದೇನೆಂಬ ಭ್ರಮೆ! ವೇಷ ಹಾಕುವವರು ಇಲ್ಲಿಯೂ ಬಂದರು ನೋಡಿ. 2011ರಲ್ಲಿ ಬಿಬಿಸಿಯೇ ಊರುಗಳ ತಟ್ಟೆಯನ್ನು ಅಂತರಜಾಲದಲ್ಲಿ ಇಟ್ಟಿತು. 2018ರಲ್ಲಿ ಆ ತಾಣವನ್ನೂ ಮುಚ್ಚಲಾಯಿತು. ಅದರ ಪ್ರತಿ ಈಗ ಅದೇ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಬದುಕಿಸಿದ್ದನ್ನು ಪದೇ ಪದೇ ಬದುಕಿಸುತ್ತಿರಬೇಕಾಗುತ್ತದೆ ಎಂಬುದು ಇಲ್ಲಿಯ ಫಜೀತಿ.

ಚಂದ್ರನ ಚಿತ್ರಗಳ ಕಥೆಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಮನುಷ್ಯನನ್ನು ಇಳಿಸಲು ಜಾಗ ಹುಡುಕುವುದಕ್ಕಾಗಿ ನಾಸಾ 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳನ್ನು ಕಳಿಸಿತು. ಅವು ಕಳಿಸಿದ ಚಿತ್ರಗಳ ಮೂಲ ಟೇಪುಗಳನ್ನು ಓದಲು ಫ್ರಿಜ್ಜಿನಷ್ಟು ದೊಡ್ಡ ಆಂಪೆಕ್ಸ್ ಯಂತ್ರ ಬೇಕು. ನ್ಯಾನ್ಸಿ ಇವಾನ್ಸ್ ಎಂಬ ನಾಸಾದ ಅಧಿಕಾರಿ ಟೇಪುಗಳನ್ನು ಬಿಸಾಡಲು ಬಿಡಲಿಲ್ಲ. ಯಂತ್ರಗಳನ್ನು ಕೊನೆಗೆ ತನ್ನ ಮನೆಯ ಶೆಡ್ಡಿನಲ್ಲಿಯೇ ವರ್ಷಗಟ್ಟಲೆ ಇರಿಸಿಕೊಂಡರು. 2007ರ ಸುಮಾರಿಗೆ ಡೆನಿಸ್ ವಿಂಗೊ ಮತ್ತು ಕೀತ್ ಕೌವಿಂಗ್ ಅವನ್ನು ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರಕ್ಕೆ ಸಾಗಿಸಿ, ಮುಚ್ಚಿಹೋಗಿದ್ದ ಒಂದು ಹೋಟೆಲಿನ ಕಟ್ಟಡದಲ್ಲಿ ರಿಪೇರಿಗೆ ಕುಳಿತರು. 1966ರ ಆಗಸ್ಟ್ 23ರಂದು ಚಂದ್ರನ ಅಂಚಿನಿಂದ ತೆಗೆದ ಭೂಮಿಯ ಚಿತ್ರ, ಮೊದಲು ಅಚ್ಚಾದದ್ದಕ್ಕಿಂತ ಎಷ್ಟೋ ಸ್ಪಷ್ಟವಾಗಿ, 2008ರ ನವೆಂಬರದಲ್ಲಿ ಹೊರಬಂತು. ಒಬ್ಬ ಹೆಂಗಸು ಗುಜರಿಗೆ ಹಾಕಲು ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಅದು ಉಳಿಯಿತು. ನಮ್ಮ ಮನೆಗಳಲ್ಲಿಯೂ ಅಟ್ಟ ಗುಡಿಸುವ ದಿನ ಹೀಗೊಬ್ಬರು ಇರುತ್ತಾರಲ್ಲ, ಅವರಿಗೆ ಬೈಯುವುದೇ ನಮ್ಮ ಅಭ್ಯಾಸ.

ಈಗ ಸ್ವಲ್ಪ ನನ್ನ ಕಸುಬಿನ ಮಾತು. ಡಾ. ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ನಮ್ಮ ದೇಶದ ಬ್ಯಾಂಕುಗಳಲ್ಲಿ ಲೆಡ್ಜರ್ ಯಂತ್ರಗಳು ಬಂದವು. ಅದರ ನಂತರ ಶಾಖೆಗೊಂದು ಸ್ವಂತ ಕಂಪ್ಯೂಟರು. ಕೊನೆಗೆ ಎಲ್ಲ ಶಾಖೆಗಳೂ ಒಂದೇ ಕೇಂದ್ರಕ್ಕೆ. ನಾನು ನೌಕರಿಗೆ ಸೇರಿದ ಕೆಲವು ವರ್ಷಗಳಲ್ಲಿ ನಮ್ಮ ಶಾಖೆಯ ಸರದಿ ಬಂತು. ಒಂದು ಶನಿವಾರ ಸಂಜೆಯಿಂದ ಸೋಮವಾರ ಬೆಳಗ್ಗಿನವರೆಗೆ ಸಾಗಾಟ. ಒಟ್ಟು ಮೊತ್ತ ಪೈಸೆಗೆ ಪೈಸೆ ತಾಳೆಯಾಯಿತು. ಆದರೆ ಪರಿಶೀಲನೆಗೆಂದು ಮೇಲಿನವರು ಕಳಿಸಿದ ಪಟ್ಟಿಯಲ್ಲಿ ಖಾತೆಯ ಸಂಖ್ಯೆಗಳ ಮುಂದಿನ ಸೊನ್ನೆಗಳೆಲ್ಲ ಮಾಯ. ಕಂಪ್ಯೂಟರಿಗೆ 00417 ಎಂದರೂ 417 ಎಂದರೂ ಒಂದೇ ಸಂಖ್ಯೆ, ಆದರೆ ಖಾತೆಯ ಸಂಖ್ಯೆ ಎಂಬುದು ಎಣಿಸುವ ಸಂಖ್ಯೆಯಲ್ಲ, ಹೆಸರು. ಹೆಸರುಗಳ ಮನೆ ಚಿಕ್ಕದಿದ್ದದ್ದರಿಂದ ನಮ್ಮ ಕಡೆಯ ಉದ್ದ ಹೆಸರುಗಳ ಬಾಲ ಕತ್ತರಿಸಿಹೋಗಿತ್ತು. ಮನೆತನದ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಎಲ್ಲ ಬರೆಸಿದ ಅಜ್ಜಂದಿರೊಬ್ಬರು ಪಾಸ್‌ಬುಕ್ಕು ನೋಡಿ, "ಇದು ನನ್ನ ಮನೆಯ ಹೆಸರು ಮಾತ್ರ ಮಾರಾಯ, ನಾನೆಲ್ಲಿ?" ಎಂದರು. ಮೊತ್ತಕ್ಕೆ ಕಾವಲಿತ್ತು, ಹೆಸರಿಗೆ ಕಾವಲಿರಲಿಲ್ಲ.

ಹೆಸರಿನ ಮಾತು ಬಂದಾಗ ಕನ್ನಡದ ಮಾತಿಗೆ ಬರಲೇಬೇಕು. ಇಂಗ್ಲಿಷ್ ಬರೆಹ ದಡ ದಾಟಿದರೆ ಓದಲು ಬರುತ್ತದೆ. ಕನ್ನಡದ ಕಡತ ಒಂದು ಬೈಟೂ ಕೆಡದೆ ದಾಟಿದರೂ ಓದಲು ಬಾರದಿರಬಹುದು. ಏಕೆಂದರೆ ಹಳೆಯ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ತುಂಡಿನ ಚಿತ್ರವನ್ನು ಅಂಟಿಸಿಡುತ್ತಿದ್ದರು. 'ನುಡಿ' ತಂತ್ರಾಂಶದ ಹಳೆಯ ಕ್ರಮದಲ್ಲಿ 'ಕನ್ನಡ' ಎಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಷ್ಟು: ಇಂಗ್ಲಿಷಿನ 'ಪಿ', ತಲೆಯ ಮೇಲೆ ಓರೆ ಗೆರೆಯ 'ಎ', ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ 'ಎ', ಜರ್ಮನರ ಜೋಡಿ 'ಎಸ್', ಒಂದು 'ಕ್ಯೂ', ಇನ್ನೊಮ್ಮೆ ಅದೇ 'ಎ'. 'ಕರ್ನಾಟಕ' ಎಂದು ಬರೆದರೆ ಇನ್ನೊಂದು ತಮಾಷೆ. ನಾವು ಉಚ್ಚರಿಸುವುದು ಮೊದಲು ರಕಾರ, ಆಮೇಲೆ ನಾ. ಬರೆಯುವುದು ಮೊದಲು ನಾ, ಆಮೇಲೆ ಅರ್ಕಾವತ್ತು. ಹಳೆಯ ಕಡತ ಕೈಬರೆಹದ ಕ್ರಮವನ್ನು ಹಿಡಿದರೆ, ಈಗಿನ ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ತರುವಾಗ ಸಂಖ್ಯೆ ಬದಲಿಸಿದರೆ ಸಾಲದು, ಅರ್ಕಾವತ್ತನ್ನು ಕೈಹಿಡಿದು ಅಕ್ಷರದ ಮುಂದಕ್ಕೆ ನಡೆಸಬೇಕು. ಕಂಪೆನಿಗೊಂದು ಫಾಂಟು, ಫಾಂಟಿಗೊಂದು ಅಂಟಿಸುವ ಕ್ರಮ ಇದ್ದ 1990ರ ದಶಕದಲ್ಲಿ ಒಂದು ಪ್ರೆಸ್ಸಿನ ಕನ್ನಡ ಇನ್ನೊಂದು ಪ್ರೆಸ್ಸಿಗೆ ಪರಭಾಷೆ.

ಒಳ್ಳೆಯ ದಾರಿಯೂ ಆಗಲೇ ಇತ್ತೆಂಬುದನ್ನು ಮರೆಯಬಾರದು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಸ್ಕಿ ಎಂಬ ಸಂಕೇತಕ್ರಮವನ್ನು ಗೊತ್ತುಮಾಡಿತು. ಅದರಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಸಂಖ್ಯೆ: ಕನ್ನಡದ ಕಕಾರವೂ 179, ಮಲಯಾಳದ ಕಕಾರವೂ 179. ಲಿಪಿಯ ಗುಂಡಿ ಒತ್ತಿದರೆ ಅದೇ ಕಡತ ಬೇರೆ ಲಿಪಿಯಲ್ಲಿ ಕಾಣುತ್ತಿತ್ತು. ಅದೇ 1991ರಲ್ಲಿ ಹೊರಬಂದ ಯೂನಿಕೋಡ್ ಇಸ್ಕಿಯ ಹಿಂದಿನ ರೂಪವನ್ನೇ ಆಧಾರವಾಗಿಟ್ಟುಕೊಂಡು ಲಿಪಿಗೊಂದು ಬೇರೆ ಮನೆ ಕೊಟ್ಟಿತು, ಆದರೆ ಮನೆಯ ನಕ್ಷೆ ಒಂದೇ. ಕನ್ನಡದ ಕ 3221, ಮಲಯಾಳದ ಕ 3349. ವ್ಯತ್ಯಾಸ 128. ಹೆಚ್ಚಿನ ಅಕ್ಷರಗಳಿಗೂ ಹೀಗೆಯೇ: ಕನ್ನಡದ ಸಂಖ್ಯೆಗೆ 128 ಕೂಡಿಸಿದರೆ ಮಲಯಾಳ. ಪಕ್ಕದ ಮನೆ, ನಡುವೆ ಬೇಲಿಯಷ್ಟೇ. ನಮ್ಮ ಈ ದ್ವಿಭಾಷಾ ಪುಸ್ತಕದ ಓದುಗರಿಗೆ ಇದು ಖುಷಿಯ ಸಂಗತಿಯಾದೀತೆಂದು ಹೇಳಿದೆ.

ನಮ್ಮ ನೆರೆಯವರೇ ಆದ ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನು ಇಲ್ಲಿ ನೆನೆಯಬೇಕು. ಕನ್ನಡವನ್ನು ಉಚ್ಚಾರದ ಕ್ರಮದಲ್ಲಿ ಬೆರಳಚ್ಚಿಸುವ ಕೀಲಿಮಣೆಯನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು, ಅದನ್ನು ಪುಕ್ಕಟೆ ಹಂಚಿದವರು ಅವರು. ಮುಂದೆ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಯ ಮೂಲ ಅದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮಲಯಾಳದವರಿಗೂ ತೊಂದರೆ ಕಡಿಮೆ ಇರಲಿಲ್ಲ. 1971ರಲ್ಲಿ ಕೇರಳ ಸರಕಾರ ಟೈಪ್‌ರೈಟರಿಗೆ ಅನುಕೂಲವಾಗಲೆಂದು ಲಿಪಿಯನ್ನು ಸರಳಗೊಳಿಸಿ, ಹಳೆಯ ಲಿಪಿ, ಹೊಸ ಲಿಪಿ ಎಂದು ಎರಡಾಯಿತು. ಸ್ವರವಿಲ್ಲದ ಚಿಲ್ಲು ಅಕ್ಷರಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಖ್ಯೆ ಸಿಕ್ಕಿದ್ದು 2008ರಲ್ಲಿ. ಅದಕ್ಕೂ ಮೊದಲಿನ ಕಡತದಲ್ಲಿ ಅದೇ ಪದವನ್ನು ಹುಡುಕಿದರೆ ಕಂಪ್ಯೂಟರು ಇಲ್ಲವೆಂದೇ ಹೇಳಬಹುದು, ಕಣ್ಣೆದುರು ಇದ್ದರೂ.

ಇಷ್ಟೆಲ್ಲ ನಾನು ಓದಿ ತಿಳಿಯಬೇಕಾಗಿ ಬಂದದ್ದು ಐದು ಫ್ಲಾಪಿಗಳಿಂದ. ನನ್ನ ಸೋದರಮಾವ ಮಂಜೇಶ್ವರದ ಕಡೆ ಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದರು. ರಜೆಯ ದಿನಗಳಲ್ಲಿ ಕೊಡೆ ಹಿಡಿದು ಊರೂರು ತಿರುಗಿ ಗದ್ದೆ, ಬೈಲು, ಪದವು, ಗುಡ್ಡೆ, ಕಟ್ಟೆ, ತೋಡುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಬಸ್ಸಿನ ಬೋರ್ಡಿನ ಹೆಸರಲ್ಲ. ಗದ್ದೆಯವರು ಬಾಯಲ್ಲಿ ಹೇಳುವ ಹೆಸರು. ಪ್ರತಿ ಹೆಸರಿಗೂ ಕನ್ನಡ, ತುಳು, ಮಲಯಾಳಗಳಲ್ಲಿ ಯಾರು ಏನೆನ್ನುತ್ತಾರೆ, ಅರ್ಥವೇನು, ಹೇಳಿದವರು ಯಾರು ಎಂಬ ಟಿಪ್ಪಣಿ. 1997ರಲ್ಲಿ ಒಂದು ಪ್ರೆಸ್ಸಿನಲ್ಲಿ ಪೇಜ್‌ಮೇಕರಿನಲ್ಲಿ ಅಕ್ಷರ ಜೋಡಣೆಯೂ ಆಯಿತು. ಅಚ್ಚಿನ ಹಣ ಕೂಡಲಿಲ್ಲ. ಅಕ್ಷರ ಜೋಡಿಸಿದ ಮೇಲೆ ಇನ್ನೇಕೆಂದು ಕೈಬರೆಹದ ಪುಸ್ತಕಗಳನ್ನು ಪ್ರೆಸ್ಸಿನಲ್ಲಿಯೇ ಬಿಟ್ಟಿದ್ದರು. ಪ್ರೆಸ್ಸು ಮುಚ್ಚಿದಾಗ ಅವು ರದ್ದಿಗೆ ಹೋದವು. ಮಾವ ತೀರಿಕೊಂಡ ಮೇಲೆ ಅತ್ತೆ ನನ್ನನ್ನು ಕರೆದು, "ಇದು ಅವರದ್ದು, ನೀನೇ ನೋಡು ಮಗಾ, ನಮಗೆ ಗೊತ್ತಾಗುವುದಿಲ್ಲ" ಎಂದು ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಟ್ಟರು.

ಡಬ್ಬಿಯೊಳಗಿನ ಫ್ಲಾಪಿಗಳು ಮೂರೂವರೆ ಇಂಚಿನವು. ಸೋನಿ ಕಂಪೆನಿ ಅಂಥವನ್ನು ಮಾಡುವುದನ್ನು 2011ರಲ್ಲಿ ನಿಲ್ಲಿಸಿದೆ. ಜಪಾನಿನ ಸರಕಾರಿ ಕಚೇರಿಗಳೇ 2024ರವರೆಗೆ ಅವನ್ನು ಪೂರ್ತಿಯಾಗಿ ಕೈಬಿಟ್ಟಿರಲಿಲ್ಲ ಎಂದರೆ ನಗು ಬರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಒಳಗಿನ ತಟ್ಟೆಗೆ ಬೂಷ್ಟು ಹಿಡಿದಿತ್ತು. ಹಾಗೆಯೇ ಯಂತ್ರಕ್ಕೆ ಹಾಕಿದರೆ ಬೂಷ್ಟು ಓದುವ ತಲೆಗೆ ಮೆತ್ತಿ, ಮುಂದಿನ ಫ್ಲಾಪಿಯನ್ನೂ ಗೀರಿ ಹಾಕುತ್ತದೆ. ಅಳಿಸದಂತೆ ಕಾಯುವ ಮೂಲೆಯ ಪುಟ್ಟ ಕಿಟಕಿಯನ್ನು ಮೊದಲು ತೆರೆದಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತ ಒರೆಸಿದೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಫ್ಲಾಪಿ ಯಂತ್ರದಲ್ಲಿ ಮೂರು ಓದಲು ಬಂದವು. ಒಂದು ಸತಾಯಿಸಿತು. ಅದಕ್ಕೆ ಈಗ ಬೇರೊಂದು ಉಪಾಯವಿದೆ: ಕ್ರಯೋಫ್ಲಕ್ಸ್, ಗ್ರೀಸ್‌ವೀಸಲ್ ಎಂಬ ಪುಟ್ಟ ಹಲಗೆಗಳು ಫ್ಲಾಪಿಯ ಅರ್ಥಕ್ಕೆ ಕೈಹಾಕದೆ, ಕಾಂತದ ಏರಿಳಿತವನ್ನಷ್ಟೇ ಕಾಲದ ಲೆಕ್ಕದಲ್ಲಿ ಬರೆದುಕೊಳ್ಳುತ್ತವೆ, ಅರ್ಥವನ್ನು ಆಮೇಲೆ ನಿಧಾನವಾಗಿ ಬಿಡಿಸಬಹುದು. 2014ರಲ್ಲಿ ಚಿತ್ರಕಾರ ಆಂಡಿ ವಾರ್ಹೋಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳು ಫ್ಲಾಪಿಗಳಿಂದ ಹೊರಬಂದದ್ದು ಈ ಬಗೆಯ ಓದಿನಿಂದಲೇ. ಬೆಂಗಳೂರಿನ ಗೆಳೆಯರೊಬ್ಬರ ಹತ್ತಿರ ಅಂಥ ಹಲಗೆ ಇತ್ತು. ಸತಾಯಿಸಿದ್ದು ಬಾಯಿಬಿಟ್ಟಿತು. ಪ್ರೆಸ್ಸಿನವರ ಮಗನ ಮನೆಯಲ್ಲಿ ಹಳೆಯ ಕಂಪ್ಯೂಟರೊಂದು ಉಳಿದಿತ್ತು. ಪೇಜ್‌ಮೇಕರೂ ಆ ಫಾಂಟೂ ಅದರಲ್ಲಿದ್ದವು. ಅಲ್ಲಿಂದ ಬರೆಹವನ್ನು ಬಿಡಿಸಿ ತಂದು, ಯಾವ ಸಂಖ್ಯೆ ಯಾವ ತುಂಡು ಎಂಬ ಪಟ್ಟಿಯನ್ನು ಕೈಯಿಂದಲೇ ಮಾಡಿ, ಯೂನಿಕೋಡಿಗೆ ತಿರುಗಿಸಲು ಎರಡು ಮಳೆಗಾಲ ಹಿಡಿಯಿತು. ತಾಳೆ ನೋಡಲು ಇದ್ದದ್ದು ಪ್ರೆಸ್ಸಿನಿಂದ ಬಂದ ಹನ್ನೊಂದು ಪುಟಗಳ ಕರಡಚ್ಚು ಮಾತ್ರ.

ತುಳು ಲಿಪಿಯ ತಾಳೆಗರಿಗಳಿಂದ 'ಶ್ರೀ ಭಾಗವತೊ'ವನ್ನು ಬೆಳಕಿಗೆ ತಂದ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರ ಸಾಹಸದ ಮುಂದೆ ಇದು ಏನೇನೂ ಅಲ್ಲ. ಆದರೂ ಅರ್ಥವಾಗದ ತುಂಡೊಂದು ಕೊನೆಗೆ 'ೞ' ಎಂದು ತಿಳಿದ ರಾತ್ರಿ ಅವರಿಗೆ ಏನನ್ನಿಸಿರಬೇಕೆಂದು ಸ್ವಲ್ಪ ಊಹಿಸಿದೆ. ಆ ಅಕ್ಷರ ಕನ್ನಡದಲ್ಲಿ ಬಳಕೆ ತಪ್ಪಿದೆ, ಮಲಯಾಳದಲ್ಲಿ ಬದುಕಿದೆ. ಮಾವ ಮಲಯಾಳದ ಉಚ್ಚಾರವನ್ನು ತೋರಿಸಲು ಅದನ್ನು ಪ್ರೆಸ್ಸಿನವರಿಂದ ಬೇರೆಯಾಗಿಯೇ ಮಾಡಿಸಿಕೊಂಡಿದ್ದರು.

ಐದನೆಯದು, ಎಂದರೆ ಮಾವ 'ನಾಲ್ಕು' ಎಂದು ಚೀಟಿ ಅಂಟಿಸಿದ ಫ್ಲಾಪಿ, ಉಳಿಯಲಿಲ್ಲ. ಅದರ ಕಂದು ಲೇಪವೇ ಎದ್ದು ಬಂದು ತಟ್ಟೆ ಗಾಜಿನಂತೆ ಪಾರದರ್ಶಕವಾಗಿತ್ತು. ಅಲ್ಲಿ ಓದಲು ಏರಿಳಿತವೇ ಇಲ್ಲ. ಪಟ್ಟಿ ಅಕಾರಾದಿಯಾಗಿದ್ದದ್ದರಿಂದ ಕಳೆದದ್ದು ಯಾವುದೆಂದು ಖಚಿತವಾಗಿ ಹೇಳಬಹುದು: ಪಕಾರದಿಂದ ಬಕಾರದವರೆಗಿನ ಹೆಸರುಗಳು. ನಮ್ಮ ಕಡೆ ಪ, ಬಗಳಿಂದ ಎಷ್ಟು ಹೆಸರು ಶುರುವಾಗುತ್ತವೆಂದು ಓದುಗರೇ ಎಣಿಸಿ ನೋಡಬಹುದು. ಕಳೆದ ಎರಡು ವರ್ಷಗಳಿಂದ ಭಾನುವಾರಗಳಲ್ಲಿ ಅವನ್ನು ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಮಾವನಿಗೆ ಹೇಳಿದವರಲ್ಲಿ ಹೆಚ್ಚಿನವರು ಈಗಿಲ್ಲ. ಒಬ್ಬ ಅಜ್ಜಿ ಮಾತ್ರ, ಎಂಬತ್ತೇಳು ವರ್ಷ, ನಡೆಯಲಾರರು. ಜಗಲಿಯಲ್ಲಿ ಕುಳಿತು ಗುಡ್ಡೆಯ ಕಡೆಗೆ ಕೈ ತೋರಿಸುತ್ತ ಇವತ್ತಿಗೆ ನಲವತ್ತಮೂರು ಹೆಸರು ಹೇಳಿದ್ದಾರೆ. ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದು, ಮನೆಗೆ ಬಂದು ಕಂಪ್ಯೂಟರಿಗೂ ಹಾಕುತ್ತಿದ್ದೇನೆ. ನಿಮ್ಮ ಮನೆಯ ಹಳೆಯ ಪಟ್ಟೆ, ಪತ್ರ, ಗೇಣಿ ಚೀಟಿಗಳಲ್ಲಿ ಗದ್ದೆಗಳ ಹೆಸರಿದ್ದರೆ, ಅಥವಾ ಪಡ್ರೆ, ಪೆರ್ಲ, ಬಾಯಾರು, ಬದಿಯಡ್ಕ ಕಡೆಯ ಹಿರಿಯರು ಯಾರಾದರೂ ಹೇಳುವಂತಿದ್ದರೆ, ಈ ಪುಸ್ತಕದ ಸಂಪಾದಕರಿಗೆ ಒಂದು ಮಾತು ತಿಳಿಸಿ; ನಾನು ಮುಂದಿನ ಭಾನುವಾರವೇ ಬರುತ್ತೇನೆ.